ಚಕ್ರದ ಮೇಲಿನ ಮನೆ ರಾತ್ರಿ ಎಲ್ಲಿ ತಂಗಬೇಕು?

ಈ ಸಲದ ವಿಷಯ ಮೋಟಾರ್‌ಹೋಮ್. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವನ್ನೂ ಹೊತ್ತುಕೊಂಡು ಓಡಾಡುವ ವಾಹನ. ನಮ್ಮ ಕಡೆ ಕ್ಯಾರವಾನ್ ಅಂತಲೇ ಹೆಚ್ಚು ಬಳಕೆ. ಸಿನಿಮಾದವರ ವ್ಯಾನಿಟಿ ವ್ಯಾನ್ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಇದರಲ್ಲಿ ಜೀವವಿಜ್ಞಾನ ಎಲ್ಲಿಂದ ಬಂತು ಅಂತ ಕೇಳಬೇಡಿ. ಈ ವಾಹನವನ್ನು ರಾತ್ರಿ ಎಲ್ಲಿ ನಿಲ್ಲಿಸಬೇಕು, ಅಲ್ಲಿ ಏನೇನು ಇರಬೇಕು ಅಂತ ಯೋಚಿಸುತ್ತಾ ಹೋದರೆ ನಾನಂತೂ ಪ್ರತಿ ಸಲ ಎರಡು ಕಡೆ ಬಂದು ನಿಲ್ಲುತ್ತೇನೆ: ಕೊಳಚೆಯ ಬ್ಯಾಕ್ಟೀರಿಯಾ, ಮತ್ತೆ ನಮ್ಮ ರಕ್ತದ ಹಿಮೋಗ್ಲೋಬಿನ್.

ನಾನು ಮಾತಾಡುತ್ತಿರುವುದು ಸಿಂಗಪುರದ ಉತ್ತರ ಅಂಚಿನ ಸೆಂಬವಾಂಗ್‌ನಿಂದ. ಇದು ಒಂದು ಮರದ ಹೆಸರು, ನಮ್ಮ ನಾಗಸಂಪಿಗೆಯ ಹತ್ತಿರದ ನೆಂಟ. ನಿಜ ಹೇಳಬೇಕೆಂದರೆ ಮೋಟಾರ್‌ಹೋಮ್ ಬಗ್ಗೆ ಮಾತಾಡಲು ಇದಕ್ಕಿಂತ ಅಪಾತ್ರ ಊರು ಸಿಗುವುದು ಕಷ್ಟ. ಈ ದೇಶದಲ್ಲಿ ಕಾರು ಇಟ್ಟುಕೊಳ್ಳಬೇಕಾದರೆ ಹತ್ತು ವರ್ಷದ ಹಕ್ಕುಪತ್ರವನ್ನು ಹರಾಜಿನಲ್ಲಿ ಕೊಳ್ಳಬೇಕು. 1990ರಿಂದ ಇದೇ ಪದ್ಧತಿ. ಈಚಿನ ವರ್ಷಗಳಲ್ಲಿ ಆ ಕಾಗದದ ಬೆಲೆಯೇ ಒಂದು ಲಕ್ಷ ಸಿಂಗಪುರ ಡಾಲರ್ ದಾಟಿದ್ದುಂಟು, ಕಾರಿನ ಬೆಲೆ ಬೇರೆ. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಒಂದು ಗಂಟೆ ಸಾಕು, ರಾತ್ರಿ ತಂಗುವ ಪ್ರಶ್ನೆಯೇ ಏಳುವುದಿಲ್ಲ. ಪಾರ್ಕಿನಲ್ಲಿ ಡೇರೆ ಹಾಕಬೇಕಾದರೂ ಈಸ್ಟ್ ಕೋಸ್ಟ್, ಪಾಸಿರ್ ರಿಸ್ ತರಹದ ಕೆಲವೇ ಕಡೆ, ಅದೂ ಅನುಮತಿ ಪಡೆದು.

ಆದರೆ ನಮ್ಮ ಮನೆಯಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲೇ ವುಡ್‌ಲ್ಯಾಂಡ್ಸ್ ಕಾಸ್‌ವೇ ಇದೆ. ಸಮುದ್ರದ ಮೇಲೆ ಕಟ್ಟಿದ ಸುಮಾರು ಒಂದು ಕಿಲೋಮೀಟರ್ ರಸ್ತೆ, ದಾಟಿದರೆ ಮಲೇಷ್ಯಾ. ಶಾಲೆಗೆ ರಜೆ ಬಂತೆಂದರೆ ಇಲ್ಲಿನ ಕನ್ನಡದ ಮನೆಗಳು ಕಾರು ಹತ್ತಿ ಮಲಾಕಾ, ಕೌಲಾಲಂಪುರ ಅಂತ ಹೊರಡುತ್ತವೆ. ಡಿಸೆಂಬರ್‌ನಲ್ಲಿ ಕೆಲವರು ನ್ಯೂಜಿಲೆಂಡಿಗೆ ಹಾರಿ ಅಲ್ಲಿ ಮೋಟಾರ್‌ಹೋಮ್ ಬಾಡಿಗೆ ಹಿಡಿಯುತ್ತಾರೆ. ವಾಪಸು ಬಂದವರು ಫೋಟೊ ತೋರಿಸುವುದು ಸರೋವರದ್ದು, ಕಥೆ ಹೇಳುವುದು ಮಾತ್ರ ಟಾಯ್ಲೆಟ್ ಖಾಲಿ ಮಾಡಿದ್ದರದ್ದು.

ಮೊದಲು ಮಲೇಷ್ಯಾದ ರಸ್ತೆಯನ್ನೇ ನೋಡೋಣ. ಜೋಹೋರ್‌ನಿಂದ ಉತ್ತರಕ್ಕೆ ಹೊರಟರೆ ಹೆದ್ದಾರಿಯಲ್ಲಿ ಮಾಚಾಪ್, ಪಾಗೋ, ಆಯರ್ ಕೆರೋ ಅಂತ ದೊಡ್ಡ ತಂಗುದಾಣಗಳು ಸಾಲಾಗಿ ಸಿಗುತ್ತವೆ. ಆರ್ ಅಂಡ್ ಆರ್ ಅಂತ ಎಲ್ಲರೂ ಕರೆಯುವುದು. ಊಟದ ಅಂಗಡಿಗಳು, ಪೆಟ್ರೋಲ್ ಬಂಕ್, ಶೌಚಾಲಯ, ಪ್ರಾರ್ಥನೆಯ ಕೋಣೆ. ರಾತ್ರಿ ಲಾರಿಗಳು ಸಾಲುಗಟ್ಟಿ ನಿಂತು ಚಾಲಕರು ನಿದ್ದೆ ಮಾಡುತ್ತಿರುತ್ತಾರೆ. ನಮ್ಮ ಹಳೆಯ ಛತ್ರ, ಅರವಟ್ಟಿಗೆಗಳ ಆಧುನಿಕ ರೂಪ ಅನ್ನಬಹುದು. ದಣಿದವನಿಗೆ ನೀರು, ನೆರಳು, ತಲೆ ಇಡಲು ಜಾಗ.

ಮನೆಯನ್ನೇ ಗಾಡಿಯಲ್ಲಿ ಹೇರಿಕೊಂಡು ಹೋಗುವುದು ಕೂಡ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದವರು ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು, ರೊಟ್ಟಿ ಬುತ್ತಿ ಇಟ್ಟುಕೊಂಡು, ದಾರಿಯಲ್ಲಿ ತಂಗುತ್ತಾ ಹೋಗುತ್ತಿದ್ದರು. ಈಗಲೂ ಕೆಲವರು ಹೋಗುತ್ತಾರೆ. ಕೆರೆ ಇರುವ ಕಡೆ ಎತ್ತು ಬಿಚ್ಚಿದರೆ ಆಯಿತು. ಎತ್ತು ಹಾಕಿದ ಸಗಣಿ ಆ ಹೊಲದವನಿಗೆ ಗೊಬ್ಬರ, ಅವನೇನೂ ಬೇಡ ಅನ್ನುತ್ತಿರಲಿಲ್ಲ. ಮೋಟಾರ್‌ಹೋಮ್ ಬಿಟ್ಟು ಹೋಗುವ ಸರಕು ಬೇರೆ ತರಹದ್ದು.

ಲೆಕ್ಕ ಹೇಳುತ್ತೇನೆ. ನಗರದ ಮನೆಗಳಿಗೆ ಭಾರತದಲ್ಲಿ ಇಟ್ಟುಕೊಳ್ಳುವ ಮಾನದಂಡ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು. ನ್ಯೂಜಿಲೆಂಡಿನಲ್ಲಿ 2001ರಲ್ಲಿ ಮಾಡಿದ ಒಂದು ಮಾನದಂಡದ ಪ್ರಕಾರ, ಸ್ವಾವಲಂಬಿ ಅಂತ ಪ್ರಮಾಣಪತ್ರ ಬೇಕಾದ ವಾಹನದಲ್ಲಿ ಒಬ್ಬರಿಗೆ ದಿನಕ್ಕೆ 4 ಲೀಟರ್‌ನಂತೆ ಮೂರು ದಿನದ ಶುದ್ಧ ನೀರು ಇರಬೇಕು. ಟಾಯ್ಲೆಟ್ ಟ್ಯಾಂಕು ಒಬ್ಬರಿಗೆ ದಿನಕ್ಕೆ 1 ಲೀಟರ್‌ನಂತೆ ಮೂರು ದಿನ ಹಿಡಿಯಬೇಕು. ನಾಲ್ಕು ಜನರ ಸಂಸಾರಕ್ಕೆ 48 ಲೀಟರ್ ನೀರು, 12 ಲೀಟರ್ ಟಾಯ್ಲೆಟ್ ಟ್ಯಾಂಕು. ಇದು ಕನಿಷ್ಠ. ವಯಸ್ಕರೊಬ್ಬರ ಮೂತ್ರವೇ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಅನ್ನುವುದನ್ನು ನೆನೆದರೆ, ಈ ಟ್ಯಾಂಕು ಎಷ್ಟು ಬೇಗ ತುಂಬುತ್ತದೆ ಅಂತ ನೀವೇ ಊಹಿಸಿ. ಸಾಮಾನ್ಯವಾಗಿ ಸೀಟಿನ ಕೆಳಗಿನಿಂದ ಎಳೆದು ತೆಗೆಯುವ ಡಬ್ಬಿ ಇರುತ್ತದೆ, 18ರಿಂದ 20 ಲೀಟರ್ ಹಿಡಿಯುವಂಥದ್ದು. ಆಡುಮಾತಲ್ಲಿ ಕ್ಯಾಸೆಟ್.

ಮನೆಯ ಫ್ಲಶ್‌ನಲ್ಲಿ ಒಂದು ಸಲಕ್ಕೆ ಆರು, ಎಂಟು ಲೀಟರ್ ನೀರು ಹೋಗುತ್ತದೆ. ಇಲ್ಲಿ ಒಂದು ಚೊಂಬಿನಷ್ಟು. ಹಾಗಾಗಿ ಕ್ಯಾಸೆಟ್‌ನಲ್ಲಿ ಇರುವುದು ಮನೆಯ ಕೊಳಚೆಗಿಂತ ಹಲವು ಪಟ್ಟು ಗಟ್ಟಿ. ಮುಚ್ಚಿದ ಡಬ್ಬಿ, ಆಮ್ಲಜನಕ ಇಲ್ಲ, ಮೂವತ್ತು ಡಿಗ್ರಿ ಶಾಖ. ಬ್ಯಾಕ್ಟೀರಿಯಾಗಳಿಗೆ ಹಬ್ಬ. ಒಂದು ಗುಂಪು ಮೂತ್ರದ ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ. ಇನ್ನೊಂದು ಗುಂಪು ಆಮ್ಲಜನಕದ ಬದಲು ಸಲ್ಫೇಟ್ ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಅದೇ ಕೊಳೆತ ಮೊಟ್ಟೆಯ ವಾಸನೆ. ಹಾಸಿಗೆಯಿಂದ ಎರಡು ಮಾರು ದೂರದಲ್ಲಿ ಇದು ನಡೆಯುತ್ತಿರುತ್ತದೆ.

ಸಹಜವಾಗಿಯೇ ಜನ ವಾಸನೆ ತಡೆಯಲು ಔಷಧಿ ಸುರಿಯುತ್ತಾರೆ. ಈ ಸಂಚಿಕೆಯ ಗಂಟು ಇರುವುದು ಇಲ್ಲೇ. ಹಳೆಯ ಕಾಲದ, ಇವತ್ತಿಗೂ ಹಲವು ಕಡೆ ಸಿಗುವ ಟ್ಯಾಂಕ್ ದ್ರವಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಗಾಜಿನ ಜಾಡಿಯೊಳಗೆ ಕಪ್ಪೆ, ಹಾವು ತೇಲುತ್ತಿದ್ದವಲ್ಲ, ಆ ಫಾರ್ಮಾಲಿನ್ ಇದೇ. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಬ್ಯಾಕ್ಟೀರಿಯಾದ ಕಿಣ್ವಗಳು ಅಲ್ಲಾಡುವಂತಿಲ್ಲ, ಕೊಳೆಯುವಿಕೆ ನಿಲ್ಲುತ್ತದೆ, ವಾಸನೆಯೂ ನಿಲ್ಲುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯ ಮೊದಲ ಗುಂಪಿನಲ್ಲಿ ಇದು ಇದೆ ಅನ್ನುವುದು ಒಂದು ಮಾತು. ನನಗೆ ಇನ್ನೂ ಹೆಚ್ಚು ಚಿಂತೆ ಮುಂದಿನ ಹೆಜ್ಜೆಯದ್ದು: ಬೆಳಿಗ್ಗೆ ಆ ಡಬ್ಬಿಯನ್ನು ಎಲ್ಲಿ ಸುರಿಯುತ್ತಾರೆ?

ಸಿಂಗಪುರದಂಥ ಊರಲ್ಲಿ ಸುರಿದರೆ ಅದು ದೊಡ್ಡ ಹೊಳೆಗೆ ಬಿದ್ದ ಚಮಚ. ಇಲ್ಲಿ ಉತ್ತರದ ಕ್ರಾಂಜಿಯಿಂದ ಪೂರ್ವದ ಚಾಂಗಿವರೆಗೆ ನೆಲದಾಳದಲ್ಲಿ 48 ಕಿಲೋಮೀಟರ್ ಉದ್ದದ ಕೊಳಚೆ ಸುರಂಗ ಇದೆ, 2008ರಲ್ಲಿ ಮುಗಿದದ್ದು. ಇಳಿಜಾರಿನಲ್ಲಿ ತಾನಾಗಿಯೇ ಹರಿದು ಚಾಂಗಿಯ ಶುದ್ಧೀಕರಣ ಘಟಕ ಸೇರುತ್ತದೆ. ಆದರೆ ಕಾಡಂಚಿನ ಒಂದು ತಂಗುದಾಣಕ್ಕೆ, ರೆಸಾರ್ಟಿಗೆ ಇರುವುದು ಒಂದು ಸೆಪ್ಟಿಕ್ ಟ್ಯಾಂಕು, ಅದರ ಹಿಂದೆ ಒಂದು ಇಂಗುಗುಂಡಿ. ಸೆಪ್ಟಿಕ್ ಟ್ಯಾಂಕ್ ಅಂದರೆ ಬರೀ ಕಾಂಕ್ರೀಟ್ ತೊಟ್ಟಿ ಅಂತ ಜನ ತಿಳಿದಿದ್ದಾರೆ. ಅಲ್ಲ, ಅದು ಒಂದು ಹೊಟ್ಟೆ. ಗಟ್ಟಿ ಪದಾರ್ಥ ತಳಕ್ಕೆ ಕೂತು, ಅಲ್ಲಿನ ಬ್ಯಾಕ್ಟೀರಿಯಾಗಳು ತಿಂಗಳುಗಟ್ಟಲೆ ಅದನ್ನು ಜೀರ್ಣಿಸಿಕೊಳ್ಳುತ್ತವೆ. ರಜೆಯ ಒಂದು ಬೆಳಿಗ್ಗೆ ಹತ್ತು ಕ್ಯಾರವಾನ್‌ಗಳು ತಲಾ 20 ಲೀಟರ್ ಸುರಿದರೆ, ಒಂದೇ ಗಂಟೆಯಲ್ಲಿ 200 ಲೀಟರ್ ಗಟ್ಟಿ ಕೊಳಚೆ, ಜೊತೆಗೆ ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕ. ಹೊಟ್ಟೆ ಕೆಡುತ್ತದೆ. ಜೀರ್ಣವಾಗದ ಮಲ ಇಂಗುಗುಂಡಿಗೆ ದಾಟುತ್ತದೆ, ಮಣ್ಣಿನ ರಂಧ್ರ ಕಟ್ಟಿಕೊಳ್ಳುತ್ತದೆ, ಆಮೇಲೆ ಪಕ್ಕದ ಹಳ್ಳವೋ ಊರಿನ ಬಾವಿಯೋ. ಕ್ಯಾರವಾನ್‌ನವರು ಅಷ್ಟೊತ್ತಿಗೆ ನೂರು ಕಿಲೋಮೀಟರ್ ಮುಂದೆ ಹೋಗಿರುತ್ತಾರೆ.

ಕ್ಯಾಲಿಫೋರ್ನಿಯಾ ಇದೇ ಕಾರಣಕ್ಕೆ ಫಾರ್ಮಾಲ್ಡಿಹೈಡ್ ಮತ್ತು ಅದರಂಥ ಕೆಲವು ವಸ್ತುಗಳಿರುವ ಟ್ಯಾಂಕ್ ದ್ರವಗಳ ಮಾರಾಟವನ್ನು ಕಾನೂನಿನಿಂದಲೇ ತಡೆದಿದೆ. ಬದಲಿ ಇಲ್ಲ ಅಂತಲ್ಲ. ನೈಟ್ರೇಟ್ ಇರುವ ದ್ರವಗಳಿವೆ. ನೈಟ್ರೇಟ್ ಸಿಕ್ಕರೆ ಬ್ಯಾಕ್ಟೀರಿಯಾಗಳು ಸಲ್ಫೇಟ್ ಕಡೆ ತಿರುಗಿ ನೋಡುವುದಿಲ್ಲ, ವಾಸನೆ ತಾನಾಗಿ ಕಡಿಮೆ. ಕೊಲ್ಲುವ ಬದಲು ಊಟ ಬದಲಿಸುವುದು. ಈ ಉಪಾಯ ನನಗೆ ಬಹಳ ಇಷ್ಟ.

ಸರಿಯಾದ ತಂಗುದಾಣದಲ್ಲಿ ಇದಕ್ಕೆಂದೇ ಒಂದು ಜಾಗ ಇರುತ್ತದೆ, ಡಂಪ್ ಸ್ಟೇಷನ್. ಏನೂ ಮಹಾ ತಂತ್ರಜ್ಞಾನ ಅಲ್ಲ. ನಡುವಿಗೆ ಇಳಿಜಾರಾದ ಕಾಂಕ್ರೀಟ್ ಕಟ್ಟೆ, ಮುಚ್ಚಳ ಇರುವ ದೊಡ್ಡ ಬಾಯಿ, ಡಬ್ಬಿ ತೊಳೆಯಲು ಒಂದು ನಲ್ಲಿ. ಕುಡಿಯುವ ನೀರಿನ ನಲ್ಲಿ ಅಲ್ಲಿಂದ ದೂರ, ಬೇರೆಯೇ ಕಡೆ. ಈ ಎರಡು ನಲ್ಲಿಗಳ ನಡುವಿನ ದೂರ ನೋಡಿಯೇ ಆ ಜಾಗ ಮಾಡಿದವರಿಗೆ ಕೆಲಸ ಗೊತ್ತೋ ಇಲ್ಲವೋ ಹೇಳಿಬಿಡಬಹುದು. ನ್ಯೂಜಿಲೆಂಡಿನಲ್ಲಿ ಇಂಥವು ಊರೂರಿಗೂ ಇವೆ, ಆದರೂ ದಾರಿಬದಿಯ ಗಲೀಜು ತಡೆಯಲು 2011ರಲ್ಲೊಂದು ಕಾನೂನು, ಅದು ಸಾಲದೆ 2023ರಲ್ಲಿ ಮತ್ತೊಂದು ಮಾಡಬೇಕಾಯಿತು. ಪ್ರಮಾಣಪತ್ರ ಬೇಕಾದರೆ ವಾಹನಕ್ಕೆ ಗಟ್ಟಿಯಾಗಿ ಜೋಡಿಸಿದ ಟಾಯ್ಲೆಟ್ ಇರಲೇಬೇಕು, ಹೊತ್ತು ತಿರುಗುವ ಪೆಟ್ಟಿಗೆ ಸಾಲದು ಅಂತ ಹೊಸ ಕಾನೂನು ಹೇಳುತ್ತದೆ.

ಇನ್ನು ಹಿಮೋಗ್ಲೋಬಿನ್. ತಂಗುದಾಣದಲ್ಲಿ ಬೇಕಾದ ಎರಡನೆಯ ವಸ್ತು ಒಂದು ಪ್ಲಗ್ ಪಾಯಿಂಟ್. ಫೋನ್ ಚಾರ್ಜ್ ಮಾಡಲಿಕ್ಕೆ ಅಂತ ಅಂದುಕೊಂಡಿದ್ದರೆ, ಮಾತು ಅಷ್ಟು ಹಗುರ ಅಲ್ಲ. ನಮ್ಮ ಸೆಕೆಯಲ್ಲಿ ಎಸಿ ಇಲ್ಲದೆ ಆ ಪೆಟ್ಟಿಗೆಯೊಳಗೆ ಮಲಗಲು ಆಗುವುದಿಲ್ಲ. ಹೊರಗಿನ ಕರೆಂಟ್ ಇಲ್ಲ ಅಂದರೆ ರಾತ್ರಿಯೆಲ್ಲ ಜನರೇಟರ್ ಓಡಬೇಕು. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ: ಬಣ್ಣ ಇಲ್ಲ, ವಾಸನೆ ಇಲ್ಲ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಎಚ್ಚರ ಇದ್ದವರಿಗೆ ತಲೆನೋವು, ವಾಕರಿಕೆ ಬಂದೀತು. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಒಂದು ಕ್ಯಾರವಾನ್‌ನೊಳಗೆ ಇಬ್ಬರು ಸತ್ತಿದ್ದರು. ಜನರೇಟರ್‌ನಿಂದ ಒಳಗೆ ಬಂದ ಕಾರ್ಬನ್ ಮಾನಾಕ್ಸೈಡ್ ಕಾರಣ ಅಂತ ತನಿಖೆಯಲ್ಲಿ ಗೊತ್ತಾಯಿತು. ರಸ್ತೆ ಬದಿಯೂ ತಂಗುದಾಣವೂ ಒಂದೇ ಅಂದುಕೊಳ್ಳುವವರಿಗೆ ನಾನು ಹೇಳುವ ಉದಾಹರಣೆ ಇದು.

ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ಒಂದು ನೀತಿ ಮಾಡಿದೆ. ಕರ್ನಾಟಕದಲ್ಲೂ ಬೆಂಗಳೂರಿನಿಂದ ಬಾಡಿಗೆ ಕ್ಯಾರವಾನ್‌ಗಳು ಓಡುತ್ತಿವೆ. ಓಡುವ ದಿಕ್ಕು ಯಾವುದು? ಕಬಿನಿ, ಬಂಡೀಪುರ, ಕೊಡಗು, ಮಲೆನಾಡು. ಬಂಡೀಪುರದ್ದೇ ತೆಗೆದುಕೊಳ್ಳಿ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು ಅಂತ 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧವನ್ನು ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಬಂದ್. ಊಟಿಗೆ, ವಯನಾಡಿಗೆ ಹೊರಟವರು ತಡ ಮಾಡಿದರೆ ಗುಂಡ್ಲುಪೇಟೆ ಕಡೆಯೇ ರಾತ್ರಿ ಕಳೆಯಬೇಕು. ನಿಷೇಧ ಸರಿಯಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ರಾತ್ರಿ ಒಂಬತ್ತು ಗಂಟೆ ಗಾಡಿ ನಿಲ್ಲಿಸಿ ಅಂತ ಹೇಳುವ ವ್ಯವಸ್ಥೆ, ನಿಂತ ಗಾಡಿಯ ಕೊಳಚೆ ಎಲ್ಲಿ ಹೋಗಬೇಕು ಅಂತಲೂ ಹೇಳಬೇಕಲ್ಲವೇ? ಅಲ್ಲಿನ ಹಳ್ಳಗಳು ಕೊನೆಗೆ ಕಾವೇರಿಯನ್ನೇ ಸೇರುವುದು.

ಇದಕ್ಕೆ ಬೇಕಾದ ತಿಳಿವಳಿಕೆ ಕರ್ನಾಟಕದಲ್ಲೇ ಇದೆ. ಬೆಂಗಳೂರು ವಿಮಾನ ನಿಲ್ದಾಣದ ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲಿ ಮಲದ ಕೆಸರನ್ನು ಶುದ್ಧೀಕರಿಸುವ ಘಟಕ ಶುರುವಾಯಿತು, ಊರಿಗೆಲ್ಲ ಆಗುವಂಥದ್ದು ಭಾರತದಲ್ಲಿ ಅದೇ ಮೊದಲು. ಒಳಚರಂಡಿ ಇಲ್ಲದ ಮನೆಗಳ ಗುಂಡಿಯಿಂದ ಲಾರಿ ಹೀರಿಕೊಂಡು ಬರುವುದನ್ನು ಅಲ್ಲಿ ಸುರಿಯುತ್ತಾರೆ. ದಿನಕ್ಕೆ 6,000 ಲೀಟರ್ ಸಾಮರ್ಥ್ಯ. ಗಾಳಿಯಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳ ಕೈಗೆ ಕೊಟ್ಟು, ಒಣಗಿಸಿ, ಹಸಿ ಕಸದ ಜೊತೆ ಕಾಂಪೋಸ್ಟ್ ಮಾಡಿದರೆ ಹೊಲಕ್ಕೆ ಗೊಬ್ಬರ. ಚಕ್ಕಡಿ ಎತ್ತಿನ ಲೆಕ್ಕವೇ, ಸ್ವಲ್ಪ ಸುತ್ತಿ ಬಂದದ್ದು. ಆಗ ಹೇಳಿದೆನಲ್ಲ, ಹತ್ತು ಕ್ಯಾರವಾನ್ ಸೇರಿ 200 ಲೀಟರ್ ಅಂತ. ಇಂಥ ಘಟಕಕ್ಕೆ ಅದು ಮೂವತ್ತರಲ್ಲಿ ಒಂದು ಪಾಲು. ನನ್ನ ಅಭಿಪ್ರಾಯ ಸ್ಪಷ್ಟ: ಕ್ಯಾರವಾನ್ ತಂಗುದಾಣಕ್ಕೆ ಪರವಾನಗಿ ಕೊಡುವಾಗ ನೋಟ ಹೇಗಿದೆ, ಹುಲಿ ಎಷ್ಟು ದೂರ ಅಂತ ಕೇಳುವ ಮೊದಲು ಹತ್ತಿರದ ಮಲ ಶುದ್ಧೀಕರಣ ಘಟಕ ಎಷ್ಟು ದೂರ ಅಂತ ಕೇಳಬೇಕು. ಆ ಘಟಕವೂ ಬ್ಯಾಕ್ಟೀರಿಯಾಗಳನ್ನೇ ನಂಬಿಕೊಂಡಿರುವುದರಿಂದ, ಫಾರ್ಮಾಲ್ಡಿಹೈಡ್ ಹಾಕಿದ ಡಬ್ಬಿ ಬೇಡ ಅಂತ ಗೇಟಿನಲ್ಲೇ ಕನ್ನಡದಲ್ಲಿ ಬೋರ್ಡ್ ಇರಬೇಕು.

ಈ ಡಿಸೆಂಬರಿನಲ್ಲಿ ಎಲ್ಲಾದರೂ ಮೋಟಾರ್‌ಹೋಮ್ ಬಾಡಿಗೆ ಹಿಡಿಯುವವರು ಕೀಲಿ ತೆಗೆದುಕೊಳ್ಳುವ ಮುಂಚೆ ಇಷ್ಟು ಕೇಳಿಕೊಳ್ಳಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಲ್ಲಿದೆ, ಬಟನ್ ಒತ್ತಿದರೆ ಕೂಗುತ್ತದಾ? ಟಾಯ್ಲೆಟ್ ದ್ರವದ ಬಾಟಲಿ ತಿರುಗಿಸಿ ಹಿಂದೆ ಬರೆದಿರುವುದನ್ನು ಓದಿ. ಫಾರ್ಮಾಲ್ಡಿಹೈಡ್ ಅಂತ ಇದ್ದರೆ ಬೇರೆ ಕೊಡಿ ಅನ್ನಿ. ರಾತ್ರಿ ನಿಲ್ಲುವ ಜಾಗದಲ್ಲಿ ಪ್ಲಗ್ ಇದೆಯಾ, ಇಲ್ಲದಿದ್ದರೆ ಜನರೇಟರ್ ಹಾಕಿಕೊಂಡು ಮಲಗುವುದು ಬೇಡವೇ ಬೇಡ. ಡಂಪ್ ಸ್ಟೇಷನ್ ಮುಂದಿನ ಯಾವ ಊರಲ್ಲಿದೆ ಅಂತ ಮ್ಯಾಪಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಖಾಲಿ ಮಾಡುವಾಗ ಕೈಗವಸು ಹಾಕಿಕೊಳ್ಳಿ, ಮತ್ತೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು ನಿಂತುಕೊಳ್ಳಿ.