55 ಕುದುರೆಗಳ ಸೈನ್ಯ

ಸೈನ್ಯದ ಆಟ ಎಂದರೆ ಮಸರಕಲ್‌ನ ನಮಗೆ ಮೊಬೈಲ್ ನೆನಪಾಗುತ್ತದೆ. ಹಿಂದೆ ಅಂಥ ಸೈನ್ಯವನ್ನು ಕುಂಚದಿಂದ ಬರೆಯುತ್ತಿದ್ದರು. ಅದೇ ಗಂಜೀಫಾ, ದುಂಡನೆಯ ಎಲೆಗಳ ಇಸ್ಪೀಟು.

ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ 12 ಪಂಗಡಗಳ ಗಂಜೀಫಾವನ್ನು ವಿವರಿಸಿದ್ದಾರೆ. ಪಂಗಡಕ್ಕೆ 12 ಎಲೆಯಂತೆ ಒಟ್ಟು 144. ಕುದುರೆ, ಆನೆ, ಹಾವು, ಜಿನ್ನು ಎಲ್ಲಕ್ಕೂ ಒಂದೊಂದು ಪಂಗಡ. ಕುದುರೆ ಪಂಗಡವನ್ನೇ ನೋಡಿ. ಮೊದಲೆರಡು ಎಲೆ ರಾಜ ಮತ್ತು ವಜೀರ. (ನಮ್ಮ ಮನೆಯಲ್ಲಿ ಚದುರಂಗದ ರಾಣಿಗೂ ವಜೀರ್ ಎನ್ನುತ್ತೇವೆ!) ಉಳಿದ ಹತ್ತು ಎಲೆಗಳಲ್ಲಿ ಒಂದರಿಂದ ಹತ್ತರವರೆಗೆ ಕುದುರೆಗಳು. ಕೂಡಿಸಿದರೆ 55. ಏಳರ ಎಲೆಯಲ್ಲಿ ಒಂದು ಕುದುರೆ ಬಿಟ್ಟುಹೋದರೆ ಅದು ಆರಾಗುತ್ತದೆ, ಆಟವೇ ಕೆಡುತ್ತದೆ. ಎಲೆಗಳ ಬೆನ್ನೂ ಒಂದೇ ತರಹ ಇರಬೇಕು. ಒಂದು ಚುಕ್ಕೆ ಹೆಚ್ಚಾದರೂ ಎದುರಾಳಿ ಗುರುತು ಹಿಡಿಯುತ್ತಾನೆ. ಕಲಾವಿದನಿಗೆ ಚಿತ್ರದ ಜೊತೆ ಲೆಕ್ಕವೂ ಬರಬೇಕು.

ಮೈಸೂರಿನಲ್ಲಿ ಇದೇ ಆಟಕ್ಕೆ ದಶಾವತಾರದ ಚಿತ್ರಗಳು ಬಂದವು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಹೊಸ ಎಲೆಯಾಟಗಳೇ ಇವೆ. ಆದರೆ ಅಚ್ಚಿನ ಇಸ್ಪೀಟು ಅಗ್ಗವಾಗಿ ಸಿಕ್ಕಾಗ ಕೈಯಲ್ಲಿ ಬರೆದ ಎಲೆಗೆ ಬೇಡಿಕೆ ಕುಸಿಯಿತು. ನಾವು ಓದುವ ಬದಲಿ ಸರಕುಗಳ ಪರಿಣಾಮ ಇಲ್ಲಿ ಕಾಣುತ್ತದೆ. ಇಂದು ಗಂಜೀಫಾ ಬರೆಯುವವರು ಮೈಸೂರಿನಲ್ಲಿದ್ದಾರೆ, ಆಡುವವರು ವಿರಳ. ಕೊಳ್ಳಲು ಆಗದಿದ್ದರೂ ಆಡುವುದನ್ನಾದರೂ ನಾವು ಕಲಿಯಬಹುದು.