ರೆಕ್ಕೆಗೆ ಹಿಮ, ಮೈಗೆ ಉಪ್ಪು
ಒರಟು ಮರಳುಕಾಗದದಷ್ಟು ದಪ್ಪದ ಹಿಮ ಕೂತರೂ ಸಾಕು, ವಿಮಾನದ ರೆಕ್ಕೆಯ ಎತ್ತುವ ಬಲ ಶೇ. 30ರಷ್ಟು ಕುಸಿಯಬಹುದು. ದೊಡ್ಡ ನಿಲ್ದಾಣಗಳಲ್ಲಿ ಅದನ್ನು ತೆಗೆಯಲು ಎತ್ತರದ ತೋಳಿನ ಲಾರಿಗಳಿರುತ್ತವೆ. ಯುದ್ಧವಿಮಾನಗಳು ಮೂಲ ನೆಲೆ ಬಿಟ್ಟು ತಾತ್ಕಾಲಿಕ ರನ್‌ವೇಗೆ ಹೋದಾಗ ಅಂಥ ಲಾರಿ ಸಿಗುವ ಭರವಸೆಯಿಲ್ಲ. ಅಲ್ಲಿ ಬೇಕಾಗುವುದು ಎಳೆದೊಯ್ಯಬಲ್ಲ ಗಾಡಿ: ಟ್ಯಾಂಕು, ನೀರು ಕಾಯಿಸುವ ಬರ್ನರ್, ಪಂಪು, ಉದ್ದನೆಯ ಪೈಪು, ತುದಿಗೊಂದು ನಾಝಲ್.

ಚಳಿಗಾಲದಲ್ಲಿ ಟ್ಯಾಂಕಿಗೆ ಗ್ಲೈಕಾಲ್ ಬೆರೆಸಿದ ನೀರು. ನಾಝಲ್‌ನಿಂದ ಹೊರಬರುವಾಗ ಅದು 60 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗಿರಬಾರದು. ಹಿಮ ಕರಗಿಸುವುದು ಮುಖ್ಯವಾಗಿ ಈ ಬಿಸಿಯೇ; ಕರಗಿದ ನೀರು ಮತ್ತೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಗ್ಲೈಕಾಲ್. ದ್ರವ ಎಲ್ಲೆಲ್ಲಿ ಬಿದ್ದಿದೆಯೆಂದು ಕಾಣಲಿ ಎಂದು ಅದಕ್ಕೆ ಕಿತ್ತಳೆ ಬಣ್ಣ. ಹಿಮ ಸುರಿಯುತ್ತಲೇ ಇದ್ದರೆ ಈ ರಕ್ಷಣೆ ಕೆಲವೇ ನಿಮಿಷದ್ದು.

ಕೆಲವು ಗಾಡಿಗಳು ತೊಳೆಯುವುದಕ್ಕೂ ಒದಗುತ್ತವೆ. ಕಡಲ ಮೇಲೆ ಹಾರುವ ವಿಮಾನಗಳ ಅಲ್ಯೂಮಿನಿಯಂ ಮೈಯನ್ನು ಉಪ್ಪು ತಿನ್ನುತ್ತದೆ, ಹಾಗಾಗಿ ಸ್ನಾನ ತಪ್ಪಿಸುವಂತಿಲ್ಲ. ನೀರು ಬಿಡುವ ಮುನ್ನ ವೇಗ, ಎತ್ತರ ಅಳೆಯುವ ರಂಧ್ರಗಳನ್ನು ಮುಚ್ಚಬೇಕು. ಮುಗಿದ ಮೇಲೆ ತೆರೆಯುವುದು ಅದಕ್ಕಿಂತ ಮುಖ್ಯ. 1996ರಲ್ಲಿ ಪೆರುವಿನ ಪ್ರಯಾಣಿಕ ವಿಮಾನವೊಂದು ಆ ರಂಧ್ರಗಳಿಗೆ ಹಚ್ಚಿದ್ದ ಅಂಟುಪಟ್ಟಿ ಬಿಡಿಸದೆಯೇ ಹಾರಿ ಸಮುದ್ರಕ್ಕೆ ಬಿತ್ತು. 70 ಜನ ಸತ್ತರು.

ನೆಲಕ್ಕೆ ಸುರಿದ ಗ್ಲೈಕಾಲನ್ನು ಚರಂಡಿಗೆ ಬಿಡುವಂತಿಲ್ಲ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರುವುದರಿಂದ ಹಳ್ಳದ ಮೀನು ಸಾಯುತ್ತವೆ.