ಮನೆ ಎಳೆದುಕೊಂಡು ಹೊರಟವರು

‘ದಿ ಲಾಂಗ್, ಲಾಂಗ್ ಟ್ರೇಲರ್’ 1954ರ ಹಾಲಿವುಡ್ ಹಾಸ್ಯಚಿತ್ರ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಕಾರಿನ ಹಿಂದೆ ಮನೆಯೊಂದನ್ನು ಕಟ್ಟಿಕೊಂಡು ಪ್ರವಾಸ ಹೊರಡುತ್ತಾರೆ. ಹೆಂಡತಿಗೆ ಕಲ್ಲಿನ ಮೋಹ. ಹೋದಲ್ಲೆಲ್ಲ ನೆನಪಿಗೆಂದು ಒಂದೊಂದು ಕಲ್ಲು ಆಯ್ದು ತಂದು ಒಳಗಿಡುತ್ತಾಳೆ. ಜೊತೆಗೆ ತಾನೇ ಮಾಡಿದ ಹಣ್ಣಿನ ಮುರಬ್ಬದ ಶೀಸೆಗಳು. ಮುಂದೆ ದೊಡ್ಡ ಘಾಟಿ ಬರುತ್ತದೆ, ಅಷ್ಟನ್ನೂ ಎಸೆದುಬಿಡು ಎಂದು ಗಂಡ ಹೇಳಿದರೆ ಅವಳು ಒಂದು ಕಲ್ಲನ್ನೂ ಬಿಡದೆ ಸಂದುಗೊಂದಿಗಳಲ್ಲಿ ಅಡಗಿಸುತ್ತಾಳೆ. ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಪ್ರಪಾತ. ಇಬ್ಬರೂ ಬೆವರುತ್ತ, ಏನೂ ಆಗಿಲ್ಲವೆಂಬಂತೆ ಹರಟುತ್ತ ಘಾಟಿ ಹತ್ತುವ ದೃಶ್ಯಕ್ಕೆ ಪ್ರೇಕ್ಷಕರು ನಕ್ಕರು. ಗಂಡ ಹೆಂಡತಿಯಾಗಿ ನಟಿಸಿದ ಡೆಸಿ ಅರ್ನಾಜ್, ಲುಸಿಲ್ ಬಾಲ್ ಆಗ ನಿಜಜೀವನದಲ್ಲೂ ದಂಪತಿಯೇ.

ಚಿತ್ರ ಬಂದು ಎಪ್ಪತ್ತು ವರ್ಷ ದಾಟಿತು. ರಸ್ತೆ ಅಗಲವಾಗಿದೆ, ಎಂಜಿನ್ ಬಲವಾಗಿದೆ. ಆ ಕಲ್ಲುಗಳ ಲೆಕ್ಕ ಮಾತ್ರ ಹಾಗೇ ಇದೆ.

ನಮಗೆ ಟ್ರೇಲರ್ ಎಂದರೆ ಸಿನಿಮಾ ಬಿಡುಗಡೆಗೆ ಮುಂಚೆ ಬರುವ ತುಣುಕು, ಇಲ್ಲವೇ ಮಂಡ್ಯದ ದಾರಿಯಲ್ಲಿ ಟ್ರ್ಯಾಕ್ಟರ್ ಹಿಂದೆ ಕಬ್ಬು ಹೊತ್ತು ಬರುವ ಗಾಡಿ. ಅಮೆರಿಕದವರ ‘ಟ್ರಾವೆಲ್ ಟ್ರೇಲರ್’ನಲ್ಲಿ ಮಂಚ, ಒಲೆ, ಫ್ರಿಜ್, ಕಕ್ಕಸು, ನೀರಿನ ಟ್ಯಾಂಕ್ ಎಲ್ಲವೂ ಇರುತ್ತವೆ, ಇಲ್ಲದಿರುವುದು ಎಂಜಿನ್ ಒಂದೇ. ಪಿಕಪ್ ಟ್ರಕ್ಕಿಗೋ ದೊಡ್ಡ ಎಸ್‌ಯುವಿಗೋ ಸಿಕ್ಕಿಸಿ ಎಳೆಯಬೇಕು. ಊರು ತಲುಪಿದ ಮೇಲೆ ಮನೆಯನ್ನು ಬಿಚ್ಚಿಟ್ಟು ಬರೀ ವಾಹನದಲ್ಲಿ ಸುತ್ತಾಡಬಹುದು. ಎಂಜಿನ್ ಸಮೇತ ಬರುವ ಮೋಟರ್‌ಹೋಮ್‌ನಲ್ಲಿ ಈ ಅನುಕೂಲವಿಲ್ಲ.

ಮೂಕಿಯ ಮೇಲಿನ ಭಾರ

ಎತ್ತಿನ ಗಾಡಿಗೆ ಹೊರೆ ಹೇರಿದವರಿಗೆ ಟ್ರೇಲರಿನ ಮೊದಲ ಪಾಠ ಹೇಳಿಕೊಡಬೇಕಿಲ್ಲ. ಹೊರೆ ಮುಂದಕ್ಕೆ ಜರುಗಿದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಜರುಗಿದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಹೊರೆ ಅಚ್ಚಿನ ಮೇಲೆ ಕೂರಬೇಕು, ಆದರೆ ಮೂಕಿ ಕೊಂಚ ಕೆಳಕ್ಕೇ ತೂಗಬೇಕು.

ಟ್ರೇಲರಿಗೂ ಮುಂದೆ ಚಾಚಿದ ಮೂಕಿಯಿದೆ. ಅದರ ತುದಿಯ ಬಟ್ಟಲು ವಾಹನದ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಈ ಗುಂಡಿನ ಮೇಲೆ ಬೀಳಬೇಕೆಂಬುದು ರೂಢಿಯ ನಿಯಮ. 6,000 ಪೌಂಡ್, ಅಂದರೆ ಸುಮಾರು 2,700 ಕಿಲೋ ತೂಕದ ಟ್ರೇಲರಿಗೆ ಇದು 270ರಿಂದ 400 ಕಿಲೋ. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಹಿಂದೆ ತೂಗಾಡತೊಡಗುತ್ತದೆ. ಹೆಚ್ಚಾದರೆ ವಾಹನದ ಹಿಂಭಾಗ ಕುಗ್ಗಿ ಮುಂದಿನ ಚಕ್ರಗಳು ಹಗುರಾಗುತ್ತವೆ; ಸ್ಟೀರಿಂಗ್ ಮಾತು ಕೇಳುವುದಿಲ್ಲ. ಆ ಭಾರವನ್ನು ಮುಂದಿನ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ಹಂಚಲು ಉಕ್ಕಿನ ಸರಳುಗಳಿರುವ ವಿಶೇಷ ಹಿಚ್ ಬಳಸುತ್ತಾರೆ.

ಕೊಂಡಿಯ ಜೊತೆ ಇನ್ನಷ್ಟು ಕಟ್ಟುಪಾಡುಗಳಿವೆ. ಗುಂಡು ಕಳಚಿದರೆ ಮೂಕಿ ನೆಲಕ್ಕೆ ಬಡಿಯದಂತೆ ಅದರ ಕೆಳಗೆ ಕತ್ತರಿಯಾಕಾರದಲ್ಲಿ ಎರಡು ಸರಪಳಿ. ಅದೂ ಕಿತ್ತು ಮನೆ ಬೇರೆಯಾದರೆ ತೆಳು ತಂತಿಯೊಂದು ಪಿನ್ನನ್ನು ಎಳೆದುಹಾಕುತ್ತದೆ. ತಕ್ಷಣ ಟ್ರೇಲರಿನ ಸ್ವಂತ ಬ್ಯಾಟರಿ ಅದರ ಬ್ರೇಕ್ ಹಿಡಿಯುತ್ತದೆ.

ಪೂರ್ವದಿಂದ ಪಶ್ಚಿಮಕ್ಕೆ

ಅಮೆರಿಕದ ಉದ್ದಗಲ ದಾಟಬೇಕೆನ್ನುವವರಿಗೆ ಇಂಟರ್‌ಸ್ಟೇಟ್ 80 ಒಳ್ಳೆಯ ದಾರಿ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿದ ಹೆದ್ದಾರಿಜಾಲದಲ್ಲಿ ಇದೂ ಒಂದು. ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿಯ ಟೀನೆಕ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೋವರೆಗೆ ಸುಮಾರು 2,900 ಮೈಲಿ, 4,600 ಕಿಲೋಮೀಟರಿಗೂ ಹೆಚ್ಚು. ನಮ್ಮ ಅತಿ ಉದ್ದದ ರಾಷ್ಟ್ರೀಯ ಹೆದ್ದಾರಿ 44 ಕೂಡ ಇಷ್ಟು ಉದ್ದವಿಲ್ಲ.

ಟ್ರೇಲರ್ ಎಳೆಯುವವರಲ್ಲಿ ‘ಮೂರು ಮೂರು ಮೂರು’ ಎಂಬ ಸೂತ್ರ ಬಳಕೆಯಲ್ಲಿದೆ: ದಿನಕ್ಕೆ 300 ಮೈಲಿ ಮೀರಬೇಡ, ಮಧ್ಯಾಹ್ನ ಮೂರಕ್ಕೆ ತಂಗುದಾಣ ಸೇರು, ಸೇರಿದಲ್ಲಿ ಮೂರು ರಾತ್ರಿ ಇರು. ಆತುರಗಾರರಿಗೆ ಈ ಪ್ರಯಾಣ ಹೇಳಿದ್ದಲ್ಲ. ಗಾಳಿಗೆ ಅಡ್ಡವಾಗಿ ಗೋಡೆಯನ್ನೇ ಎಳೆದಂತಾಗುವುದರಿಂದ ಮೈಲೇಜ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಲವು ಟ್ರೇಲರ್ ಟೈರುಗಳ ವೇಗಮಿತಿ ಗಂಟೆಗೆ 65 ಮೈಲಿ. ಕ್ಯಾಲಿಫೋರ್ನಿಯದಲ್ಲಂತೂ ಏನನ್ನೇ ಎಳೆಯುವವರಿಗೂ 55 ಮೈಲಿಯೇ ಕಾನೂನು.

ದಾರಿ ತಪ್ಪಿದರೆ ಕಾರಿನಂತೆ ತಿರುಗಿಸಿಕೊಂಡು ಬರಲಾಗದು. ಫೋನಿನ ನಕ್ಷೆಗೆ ನಿಮ್ಮ ಬೆನ್ನಿಗೆ ಹನ್ನೊಂದು ಅಡಿ ಎತ್ತರದ ಮನೆಯಿದೆ ಎಂಬುದು ಗೊತ್ತಿಲ್ಲ. ನ್ಯೂಯಾರ್ಕ್ ಸುತ್ತಲಿನ ಹಳೆಯ ಪಾರ್ಕ್‌ವೇಗಳ ಸೇತುವೆಗಳು ತಗ್ಗು. ಅಲ್ಲಿ ಟ್ರೇಲರಿಗೆ ಪ್ರವೇಶವೇ ಇಲ್ಲ. ಇನ್ನು ಹಿಮ್ಮುಖ ಚಾಲನೆ: ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಭಾಗ ಬಲಕ್ಕೆ ಹೋಗುತ್ತದೆ. ಹಳಬರು ಹೇಳುವ ಉಪಾಯ ಸರಳ. ಸ್ಟೀರಿಂಗಿನ ತಳಭಾಗದಲ್ಲಿ ಕೈಯಿಡಿ, ಆಗ ಕೈ ಹೋದ ಕಡೆಗೇ ಟ್ರೇಲರ್ ಹೋಗುತ್ತದೆ. ಇಷ್ಟು ತಿಳಿದ ಮೇಲೂ ತಂಗುದಾಣಗಳಲ್ಲಿ ಸಂಜೆ ಹೊತ್ತು ಗಂಡ ಹೆಂಡಿರ ಜಗಳ ಕೇಳಿಬರುವುದು ಹೆಚ್ಚಾಗಿ ಈ ಕೆಲಸದಲ್ಲೇ.

ಟ್ರೇಲರುಗಳ ತವರು

ಇಂಡಿಯಾನಾ ದಾಟುವಾಗ ಎಲ್ಕ್‌ಹಾರ್ಟ್ ಸಿಗುತ್ತದೆ. ಅಮೆರಿಕದ ಇಂಥ ವಾಹನಗಳಲ್ಲಿ ಶೇ 80ಕ್ಕೂ ಹೆಚ್ಚು ತಯಾರಾಗುವುದು ಈ ಸೀಮೆಯಲ್ಲಿ. ಕುದುರೆಗಾಡಿಯಲ್ಲಿ ಓಡಾಡುವ ಆಮಿಶ್ ಪಂಗಡದ ಬಡಗಿಗಳೂ ಇಲ್ಲಿನ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಊರಿನ ನಾಡಿ ಬಡಿಯುವುದು ದೇಶದ ಜೇಬು ನೋಡಿಕೊಂಡು. 2009ರ ಆರ್ಥಿಕ ಕುಸಿತದಲ್ಲಿ ಇಲ್ಲಿನ ನಿರುದ್ಯೋಗ ಶೇ 18 ದಾಟಿತು. ಅಧಿಕಾರ ವಹಿಸಿಕೊಂಡ ತಿಂಗಳೊಳಗೇ ಒಬಾಮಾ ಇಲ್ಲಿಗೆ ಬಂದಿದ್ದರು. ಕೊರೊನಾ ಕಾಲದಲ್ಲಿ ಹೋಟೆಲಿಗೂ ವಿಮಾನಕ್ಕೂ ಹೆದರಿದ ಜನ ಸ್ವಂತ ಮನೆಯಲ್ಲೇ ಊರೂರು ಸುತ್ತಲು ಹೊರಟಾಗ, 2021ರಲ್ಲಿ ದಾಖಲೆಯ ಆರು ಲಕ್ಷ ವಾಹನಗಳು ದೇಶದ ಕಾರ್ಖಾನೆಗಳಿಂದ ಹೊರಬಿದ್ದವು. 2023ಕ್ಕೆ ಆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಇಳಿಯಿತು.

ಈ ಹವ್ಯಾಸಕ್ಕೆ ನೂರು ವರ್ಷ ದಾಟಿದೆ. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಕಟ್ಟಿಕೊಂಡವರು ಡಬ್ಬಿಯ ಊಟ, ಡೇರೆ ಹೊತ್ತು ಕಾರಿನಲ್ಲಿ ಅಲೆದರು. ಡೆಟ್ರಾಯಿಟ್ ಸೀಮೆಯ ಜೀವಾಣುತಜ್ಞ ಆರ್ಥರ್ ಶೆರ್ಮನ್ ತನ್ನ ಕುಟುಂಬಕ್ಕೆಂದು ಟ್ರೇಲರ್ ಮಾಡಿಸಿ, ಅದನ್ನೇ ಉದ್ಯಮವಾಗಿಸಿ ‘ಕವರ್ಡ್ ವ್ಯಾಗನ್’ ಎಂದು ಹೆಸರಿಟ್ಟ. 1930ರ ದಶಕದ ನಡುವೆ ಅದೇ ದೇಶದ ದೊಡ್ಡ ಟ್ರೇಲರ್ ಕಂಪನಿ. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣ ನೋಡಿಕೊಂಡಿದ್ದ ಹಾಲಿ ಬೌಲಸ್, 1934ರಲ್ಲಿ ವಿಮಾನದ ಮೈಯಂಥ ಅಲ್ಯೂಮಿನಿಯಂ ಟ್ರೇಲರ್ ಮಾಡಿದ. ಬೌಲಸ್‌ನ ಕಂಪನಿ ಮುಳುಗಿದ ಮೇಲೆ ವಾಲಿ ಬಯಮ್ ಅದೇ ಮಾದರಿ ಹಿಡಿದು 1936ರಲ್ಲಿ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಹೊರತಂದ. ಅದರ ಬೆಲೆ 1,200 ಡಾಲರ್.

ಬಯಮ್ ಮಾರಿದ್ದು ಟ್ರೇಲರನ್ನಷ್ಟೇ ಅಲ್ಲ, ಊರು ಬಿಡುವ ಆಸೆಯನ್ನು. 1959ರಲ್ಲಿ 41 ಟ್ರೇಲರುಗಳ ಸಾಲೊಂದು ಕೇಪ್‌ಟೌನ್‌ನಿಂದ ಕೈರೋಗೆ ಹೊರಟಿತು. ಪಿರಮಿಡ್ಡುಗಳ ಎದುರು ಬೆಳ್ಳಿಬಣ್ಣದ ಮನೆಗಳು ನಿಂತ ಚಿತ್ರ ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡಿತು. ಹತ್ತು ವರ್ಷದ ನಂತರ ಚಂದ್ರನಿಂದ ಮರಳಿದ ಅಪೋಲೊ 11ರ ಮೂವರನ್ನು ಹಡಗಿನ ಮೇಲೆ ಪ್ರತ್ಯೇಕವಾಗಿಟ್ಟಿದ್ದೂ ಚಕ್ರ ತೆಗೆದ ಏರ್‌ಸ್ಟ್ರೀಮ್ ಟ್ರೇಲರಿನಲ್ಲೇ. ಅಧ್ಯಕ್ಷ ನಿಕ್ಸನ್ ಕಿಟಕಿಯಾಚೆ ನಿಂತು ಆ ಮೂವರನ್ನು ಮಾತಾಡಿಸಿದರು.

ಗಾಳಿಯ ನಾಡು

ನೆಬ್ರಾಸ್ಕಾದಲ್ಲಿ ರಸ್ತೆ ಪ್ಲಾಟ್ ನದಿಯ ಜೊತೆಜೊತೆಗೇ ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಪಶ್ಚಿಮಕ್ಕೆ ವಲಸೆ ಹೊರಟವರ ಗಾಡಿಗಳೂ ಇದೇ ಕಣಿವೆ ಹಿಡಿದಿದ್ದವು. ಎಳೆಯುತ್ತಿದ್ದುದು ಹೆಚ್ಚಾಗಿ ಎತ್ತುಗಳೇ. ಎತ್ತು ಸೋತಂತೆಲ್ಲ ಜನ ಹೊರೆ ಇಳಿಸಿದರು. ಕಬ್ಬಿಣದ ಒಲೆ, ಬೀರು, ಅಜ್ಜಿಯ ಕಾಲದ ಪೆಟ್ಟಿಗೆ ದಾರಿಬದಿಯಲ್ಲಿ ಬಿದ್ದವು.

ಇಂದು ಇಲ್ಲಿ ಸೋಲಿಸುವುದು ಗಾಳಿ. ವಯೋಮಿಂಗ್‌ನ ಲ್ಯಾರಮಿಯಿಂದ ರಾಲಿನ್ಸ್‌ವರೆಗೆ, ಎಲ್ಕ್ ಪರ್ವತದ ಬುಡದಲ್ಲಿ, ಗಾಳಿ ಜೋರಾದರೆ ಎತ್ತರದ ಹಗುರ ವಾಹನಗಳಿಗೆ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಅಡ್ಡಗಾಳಿಯಿರಲಿ, ಪಕ್ಕದಲ್ಲಿ ಹಾದುಹೋಗುವ ದೊಡ್ಡ ಲಾರಿ ಸಾಕು: ಮೊದಲು ತಳ್ಳುತ್ತದೆ, ಮರುಕ್ಷಣ ತನ್ನತ್ತ ಸೆಳೆಯುತ್ತದೆ. ಮೂಕಿಯ ಭಾರ ಸರಿಯಿದ್ದರೆ ಟ್ರೇಲರ್ ಒಮ್ಮೆ ಅಲುಗಿ ಸುಮ್ಮನಾಗುತ್ತದೆ. ಇಲ್ಲದಿದ್ದರೆ ತೂಗಾಟ ಬೆಳೆಯುತ್ತ ಹೋಗಿ ಎಳೆಯುವ ವಾಹನವನ್ನೂ ಮಗುಚಬಲ್ಲದು. ಆಗ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಹಾಗೆ ಜೋರಾಗಿ ಒತ್ತಿದರೆ ಹಿಂದಿನ ಮನೆ ಮುಂದಿನ ವಾಹನವನ್ನು ತಳ್ಳಿ ಅನಾಹುತ ಹೆಚ್ಚುತ್ತದೆ. ಆಕ್ಸಿಲರೇಟರ್ ಬಿಡಬೇಕು, ಸ್ಟೀರಿಂಗ್ ನೇರ ಹಿಡಿಯಬೇಕು, ಡ್ಯಾಶ್‌ಬೋರ್ಡಿನ ಕೆಳಗಿರುವ ಸಣ್ಣ ಸನ್ನೆಯಿಂದ ಟ್ರೇಲರಿನ ಬ್ರೇಕ್ ಮಾತ್ರ ಹಿಡಿಯಬೇಕು.

ಹಗಲಿನ ಈ ದುಗುಡಕ್ಕೆ ಸಂಜೆಯೇ ಬಹುಮಾನ. ಖಾಸಗಿ ತಂಗುದಾಣದಲ್ಲಾದರೆ ವಿದ್ಯುತ್ತು, ನೀರು, ಚರಂಡಿ ಮೂರಕ್ಕೂ ಕೊಂಡಿ. ಪಶ್ಚಿಮದ ಕೇಂದ್ರ ಸರ್ಕಾರದ ಬಯಲುಗಳಲ್ಲಿ ಬಹುತೇಕ ಕಡೆ 14 ದಿನ ಪುಕ್ಕಟೆ ಬೀಡು ಬಿಡಬಹುದು, ಕೊಂಡಿ ಯಾವುದೂ ಇಲ್ಲ. ಕಕ್ಕಸಿನ ಟ್ಯಾಂಕನ್ನು ಕೈಗವಸು ಹಾಕಿಕೊಂಡು ನೀವೇ ಖಾಲಿ ಮಾಡಬೇಕು. ಕಂಪನಿಗಳ ಹೊಳಪಿನ ಚಿತ್ರಗಳಲ್ಲಿ ಈ ಭಾಗ ಬರುವುದಿಲ್ಲ. ಅಲ್ಲಿನ ಕನ್ನಡದ ಕುಟುಂಬಗಳಿಗೆ ಒಂದು ಅಡುಗೆಮನೆಯ ಮಾತು: ಲ್ಯಾರಮಿ 7,000 ಅಡಿಗೂ ಎತ್ತರದ ಊರು, ನೀರು 93 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯದೆ ಸತಾಯಿಸುತ್ತದೆ. ಪ್ರೆಶರ್ ಕುಕ್ಕರ್ ಹೊರೆಯಾದರೂ ಬಿಡಬೇಡಿ.

ಎಲ್ಲರೂ ಪ್ರವಾಸಿಗಳಲ್ಲ. ಬಾಡಿಗೆ ಕಟ್ಟಲಾಗದೆ ಚಕ್ರದ ಮೇಲೆ ಬದುಕುವ ವಯಸ್ಸಾದವರ ಕಥೆಯನ್ನು ಜೆಸಿಕಾ ಬ್ರೂಡರ್ 2017ರ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲಿ ಬರೆದರು. ಅದೇ ಹೆಸರಿನ ಸಿನಿಮಾ 2021ರಲ್ಲಿ ಶ್ರೇಷ್ಠ ಚಿತ್ರದ ಆಸ್ಕರ್ ಪಡೆಯಿತು. ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತ ಎರಡು ಟ್ರೇಲರುಗಳಲ್ಲಿ ಒಂದು ರಜೆ, ಇನ್ನೊಂದು ಗತಿ.

ಕೊನೆಯ ಘಾಟಿ

ಕ್ಯಾಲಿಫೋರ್ನಿಯ ಸೇರಲು ಸಿಯೆರಾ ನೆವಾಡಾ ಹತ್ತಬೇಕು. ಡಾನರ್ ಶಿಖರದಲ್ಲಿ ಹೆದ್ದಾರಿ 7,200 ಅಡಿ ದಾಟುತ್ತದೆ. ಪ್ರತಿ ಸಾವಿರ ಅಡಿಗೆ ಟರ್ಬೊ ಇಲ್ಲದ ಎಂಜಿನ್ ಸುಮಾರು ಶೇ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಸ್ಯಾಕ್ರಮೆಂಟೊ ಬಯಲಿನವರೆಗೆ ಇಳಿಜಾರೋ ಇಳಿಜಾರು. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಕೆಲಸ ನಿಲ್ಲಿಸುತ್ತದೆ. ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿಗೇ ವೇಗ ಹಿಡಿಸಬೇಕು, ಬ್ರೇಕನ್ನು ಆಗಾಗ ಒತ್ತಿ ಬಿಡಬೇಕು.

ಶಿಖರಕ್ಕೆ ಹೆಸರು ಬಂದದ್ದು 1846ರ ಡಾನರ್ ತಂಡದಿಂದ. 87 ಮಂದಿಯ ಆ ತಂಡ ಹಿಮದಲ್ಲಿ ಸಿಕ್ಕಿ, ಅರ್ಧಕ್ಕೆ ಹತ್ತಿರ ಜನ ಸತ್ತರು. ತಂಡದ ಜೇಮ್ಸ್ ರೀಡ್ ತನ್ನ ಕುಟುಂಬಕ್ಕೆಂದು ವಿಶೇಷ ಗಾಡಿ ಮಾಡಿಸಿದ್ದ. ಮಗಳು ವರ್ಜಿನಿಯಾ ಮುಂದೆ ಬರೆದ ನೆನಪಿನಂತೆ ಅದರಲ್ಲಿ ಒಲೆ, ಸ್ಪ್ರಿಂಗಿನ ಆಸನ, ಮಲಗುವ ಜಾಗ ಎಲ್ಲ ಇದ್ದವು. ಇಂದಿನ ಟ್ರೇಲರಿನ ಮುತ್ತಜ್ಜ ಎನ್ನಬಹುದು. ಅದು ಘಾಟಿಯವರೆಗೂ ಬರಲಿಲ್ಲ. ಎತ್ತುಗಳು ಕಳೆದುಹೋದ ಮೇಲೆ ದಾರಿಯಲ್ಲೇ ಬಿಡಬೇಕಾಯಿತು.

ಹಾಗಾಗಿ ಬಾಡಿಗೆಗೋ ಕ್ರಯಕ್ಕೋ ಟ್ರೇಲರ್ ಹಿಡಿಯುವ ನಮ್ಮವರಿಗೆ ಒಂದೇ ವಿನಂತಿ: ಹೊರಡುವ ಮುನ್ನ ತೂಗಿ ನೋಡಿ. ಮಾರಾಟಗಾರ ಹೇಳುವ ಎಳೆಯುವ ಶಕ್ತಿಗಿಂತ ಮೊದಲು, ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ಓದಿ. ವಾಹನ ತನ್ನ ಮೈಮೇಲೆ ಎಷ್ಟು ಹೊರಬಲ್ಲದು ಎಂಬುದು ಅಲ್ಲಿದೆ. ಮೂಕಿಯ ಭಾರ, ಮಕ್ಕಳು, ಸಾಮಾನು ಎಲ್ಲವೂ ಅದರೊಳಗೇ ಬರಬೇಕು. 40 ಗ್ಯಾಲನ್ನಿನ ನೀರಿನ ಟ್ಯಾಂಕ್ ತುಂಬಿದರೆ 150 ಕಿಲೋ. ಬಳಸಿದ ನೀರು ಬೇರೆ ಟ್ಯಾಂಕಿಗೆ ಹೋದಂತೆ ಆ ತೂಕ ಜಾಗವನ್ನೂ ಬದಲಿಸುತ್ತದೆ. ಲಾರಿಗಳು ನಿಲ್ಲುವ ಟ್ರಕ್ ಸ್ಟಾಪ್‌ಗಳಲ್ಲಿ ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್‌ನಂಥದ್ದೇ ತಕ್ಕಡಿಯಿರುತ್ತದೆ. ಇದೇ ಹೆದ್ದಾರಿಯ ಬದಿಯ ಅಯೋವಾದ ವಾಲ್ಕಾಟ್, ಅಂಥ ತಕ್ಕಡಿಗಳ ದೊಡ್ಡ ಕಂಪನಿ ‘ಕ್ಯಾಟ್ ಸ್ಕೇಲ್’ನ ಊರು. ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೇಲರಿನ ಚಕ್ರ, ಮೂರರ ತೂಕವೂ ಬೇರೆಬೇರೆಯಾಗಿ ಒಂದೇ ಚೀಟಿಯಲ್ಲಿ ಬರುತ್ತದೆ. ಅದಕ್ಕೆ ಹಿಡಿಯುವುದು ಕೆಲವೇ ನಿಮಿಷ.